ಆ ನಾಕು ವರ್ಷ ಎಲ್ಲಿ ಹೋದ್ವು?

ಅವರ ಬಲಗೈ ತೋರುಬೆರಳು ತುದಿಯಲ್ಲಿ ಕೊಂಚ ಸೊಟ್ಟಗಿತ್ತು. ವರ್ಷಗಟ್ಟಲೆ ಟೈಪ್‌ರೈಟರ್ ಬಡಿದ ಬೆರಳು ಅದು. ಕಂಪ್ಯೂಟರ್ ಬಂದ ಮೇಲೂ ಕೀಬೋರ್ಡನ್ನು ಹಾಗೆಯೇ ಬಡಿಯುತ್ತಿದ್ದರು. ಮೇಜಿನ ಮೇಲಿನ ಚಹಾದ ಲೋಟ ಕುಣಿಯುತ್ತಿತ್ತು. ಬಳ್ಳಾರಿ ಬಸ್ ನಿಲ್ದಾಣದ ಹತ್ತಿರದ ಓಣಿಯಲ್ಲಿ ಅವರದೊಂದು ಟೈಪಿಂಗ್, ಜೆರಾಕ್ಸ್ ಅಂಗಡಿ. ಇಬ್ಬರು ಗಿರಾಕಿ ಒಳಗಿದ್ದರೆ ಮೂರನೆಯವರು ಮೆಟ್ಟಿಲ ಮೇಲೆ ನಿಲ್ಲಬೇಕು. ಓಣಿಯವರೆಲ್ಲ ಅವರನ್ನು ಚಾಚಾ ಅನ್ನುತ್ತಿದ್ದರು, ನಾನೂ ಹಾಗೇ ಅಂದೆ.

ನಾನು ಕುರುಗೋಡಿನವಳು. ಬಿ.ಕಾಂ. ಮುಗಿಸಿ ನಾಲ್ಕು ವರ್ಷ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಒಂದು ಸಣ್ಣ ಘಟಕದಲ್ಲಿ ಮೆಷಿನ್ ಮುಂದೆ ಕೂತಿದ್ದೆ. ಯಾರಾದರೂ ಕೇಳಿದರೆ ಅಮ್ಮ ಮಾತ್ರ "ಆಫೀಸಿನಾಗ ಅದಾಳ" ಅನ್ನುತ್ತಿದ್ದಳು. ಆ ಘಟಕ ಬಾಗಿಲು ಹಾಕಿತು. ಅದೇ ಹೊತ್ತಿಗೆ ದೊಡ್ಡ ಗಾರ್ಮೆಂಟ್ಸ್ ಒಂದರಲ್ಲಿ ಬಟ್ಟೆ ತಪಾಸಣೆಗೆ ಸೂಪರ್‌ವೈಸರ್ ಬೇಕಾಗಿದ್ದಾರೆ ಅಂತ ಗೊತ್ತಾಯಿತು. ಈ ಕೆಲಸ ಸಿಗದಿದ್ದರೆ ನೋಡಲು ಬರುವ ಮೊದಲ ಗಂಡಿಗೆ ಕೊರಳು ಕೊಡಬೇಕು, ಅಪ್ಪ ಅಷ್ಟು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ.

ನಮ್ಮ ಕಡೆ ಬಯೋಡೇಟಾ ಬರೆಯುವ ರೀತಿ ಬಲು ಸುಲಭ. ಯಾರಿಗೆ ಕೆಲಸ ಸಿಕ್ಕಿದೆಯೋ ಅವರದನ್ನು ಇಸಿದುಕೊಂಡು ಹೆಸರು ಬದಲಿಸುವುದು. ಒಬ್ಬರಿಗೆ ಕೆಲಸ ಕೊಡಿಸಿದ ಹಾಳೆಗೆ ಕೈಗುಣ ಇರುತ್ತದೆ ಅಂತ ನಂಬಿಕೆ! ನಾನು ಸಿರುಗುಪ್ಪದಲ್ಲಿರುವ ದೊಡ್ಡಮ್ಮನ ಮಗನದನ್ನು ತಂದಿದ್ದೆ.

"ಚಾಚಾ, ಹೆಸರು, ಊರು, ಕಾಲೇಜು ಬದಲ್ ಮಾಡಿ ಕೊಡ್ರಿ, ಸಾಕು."

ಅವರು ಟೈಪ್ ಮಾಡಲಿಲ್ಲ. ಮರದ ಅಡಿಪಟ್ಟಿಯೊಂದನ್ನು ಹಾಳೆಯ ಮೇಲಿಟ್ಟು, ಒಂದೊಂದೇ ಸಾಲು ಸರಿಸುತ್ತ ಓದತೊಡಗಿದರು. ಯಾರ ಹಾಳೆಯಾದರೂ ಹೀಗೆ ಓದದೆ ಮುಟ್ಟುತ್ತಿರಲಿಲ್ಲ. ಅವಸರದವರು ಗೊಣಗಿಕೊಂಡು ಪಕ್ಕದ ಅಂಗಡಿಗೆ ಹೋಗುತ್ತಿದ್ದರು. ಕೊನೆಯ ಸಾಲಿನ ಹತ್ತಿರ ಪಟ್ಟಿ ನಿಂತಿತು.

"ಬೇಟಿ, ನಿನಗ ಈಜು ಬರ್ತೈತೇನು?"

"ಇಲ್ರಿ. ಯಾಕ?"

"ಹವ್ಯಾಸ ಈಜು ಅಂತ ಐತಿ ಇಲ್ಲಿ. ಕಬಡ್ಡಿನೂ ಆಡ್ತೀಯಂತ."

ಮೆಟ್ಟಿಲ ಮೇಲಿದ್ದವರು ಕಿಸಕ್ಕನೆ ನಕ್ಕರು. ದೊಡ್ಡಮ್ಮನ ಮಗ ಹೊಳೆಯಲ್ಲಿ ಈಜಿ ಬೆಳೆದವನು. ನಾನೋ ಬಾವಿಯೊಳಗೆ ಇಣುಕಲೂ ಹೆದರುವವಳು. ಸಿಟ್ಟು ನೆತ್ತಿಗೇರಿತು. "ನಿಮಗ್ಯಾಕ್ರಿ ಅದೆಲ್ಲ? ಟೈಪ್ ಮಾಡೋದಷ್ಟ ನಿಮ್ಮ ಕೆಲ್ಸ" ಅಂದುಬಿಟ್ಟೆ. ಈಗ ನೆನೆದರೂ ನಾಚಿಕೆಯಾಗುತ್ತದೆ.

ಚಾಚಾ ಮುಖ ಗಂಟು ಹಾಕಲಿಲ್ಲ. "ಈಜು ಹೋಗ್ಲಿ ಬಿಡು. ಕಾಲೇಜು ಮುಗ್ದು ನಾಕು ವರ್ಷ ಆತು. ಆ ನಾಕು ವರ್ಷ ಎಲ್ಲಿ ಹೋದ್ವು?"

"ಹೊಲಿಗಿ ಕೆಲ್ಸ ಮಾಡ್ತಿದ್ದೆ. ಅದನ್ನೇನು ಬರೆಯೋದ್ರಿ?"

"ಹೊಲಿಗಿ ಅಂದ್ರ ಏನು ಮಾಡ್ತಿದ್ದಿ? ನನಗ ತಿಳಿಯಂಗ ಹೇಳು. ನನಗ ಗುಂಡಿ ಹಚ್ಚಾಕೂ ಬರಂಗಿಲ್ಲ."

ಒಲ್ಲದ ಮನಸ್ಸಿನಿಂದಲೇ ಶುರುಮಾಡಿದೆ. ಒಗೆದು ಬಂದ ಮೇಲೆ ಒಂದೇ ಪ್ಯಾಂಟಿನ ಎಡಗಾಲು ಒಂದು ನೀಲಿ, ಬಲಗಾಲು ಇನ್ನೊಂದು ನೀಲಿಯಾಗಿ ಮಾಲು ವಾಪಸ್ ಬರುವುದುಂಟು. ಹಾಗಾಗದಂತೆ ನಾನು ಹೊಲಿಯುವ ಮುಂಚೆಯೇ ತುಂಡುಗಳನ್ನು ಬಿಸಿಲಿಗೆ ಹಿಡಿದು ಜೋಡಿ ಮಾಡಿಡುತ್ತಿದ್ದೆ. ಹೊಸದಾಗಿ ಸೇರಿದವರಿಗೂ ಅದನ್ನು ನಾನೇ ಕಲಿಸುತ್ತಿದ್ದೆ. ಹೇಳುತ್ತ ಹೇಳುತ್ತ ನನಗೇ ಹುರುಪು ಬಂತು. ಆ ಸೊಟ್ಟ ಬೆರಳು ಆಗಲೇ ಬಡಿಯತೊಡಗಿತ್ತು.

ಒಂದೇ ಪುಟ. ಹೆಸರಿನ ಕೆಳಗೆ, ಡಿಗ್ರಿಗಿಂತ ಮೇಲೆ, ಆ ನಾಲ್ಕು ವರ್ಷ. ಜಾತಿ, ಎತ್ತರ, ಹವ್ಯಾಸ ಎಲ್ಲ ಮಾಯ.

"ಓದೋರಿಗೆ ಪುರಸೊತ್ತು ಇರಂಗಿಲ್ಲ ಬೇಟಿ. ನೀ ಏನು ಮಾಡಬಲ್ಲಿ ಅನ್ನೋದು ಮೊದ್ಲು ಕಾಣಬೇಕು. ಅವ್ರ ಎದುರಿಗೆ ಮಾಡಿ ತೋರ್ಸಾಕ ಬರೋದನ್ನಷ್ಟ ಬರಿ."

ಸಂದರ್ಶನದಲ್ಲಿ ಮೇಡಂ ನನ್ನ ಡಿಗ್ರಿಯ ಸುದ್ದಿಯನ್ನೇ ಎತ್ತಲಿಲ್ಲ. ಮೇಲಿನ ಸಾಲುಗಳನ್ನು ಓದಿ, ಕಪಾಟಿನಿಂದ ಆರು ತುಂಡು ನೀಲಿ ಬಟ್ಟೆ ತೆಗೆದು ಮುಂದೆ ಹಾಕಿದರು. "ಜೋಡಿ ಮಾಡ್ರಿ ನೋಡೋಣ." ಟ್ಯೂಬ್‌ಲೈಟಿನ ಕೆಳಗೆ ಆರೂ ಒಂದೇ ಥರ ಕಂಡವು. "ಕಿಟಕಿ ಹತ್ರ ತಗೊಂಡ್ಹೋಗ್ಲೇನ್ರಿ?" ಅಂತ ಕೇಳಿದೆ. ಅವರು ನಕ್ಕುಬಿಟ್ಟರು. ಮೂರೂ ಜೋಡಿ ಸರಿಯಾಗಿದ್ದವು.

ಪೇಡೆ ಹಿಡಿದುಕೊಂಡು ಅಂಗಡಿಗೆ ಓಡಿದೆ. ಚಾಚಾ ತಲೆ ಎತ್ತಿ "ಈಜು ಕಲ್ತೇನು?" ಅಂದರು. ಆಮೇಲೆ ಎಂದು ಸಿಕ್ಕರೂ ಅದೇ ಪ್ರಶ್ನೆ. ನನ್ನ ಮದುವೆಯಲ್ಲೂ ಅಕ್ಷತೆ ಹಾಕಿ ಅದನ್ನೇ ಕೇಳಿದರು!

ಹೋದ ವರ್ಷ ಚಾಚಾ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಕಣ್ಣು ಮಂಜಾಗಿತ್ತು. ಮಗಳು ಪಟ್ಟಿ ಸರಿಸುತ್ತ ಓದಿ ಹೇಳುತ್ತಿದ್ದಳು, ಗಿರಾಕಿಗಳನ್ನು ಕೇಳಿ ಕೇಳಿ ಅವಳೇ ಟೈಪ್ ಮಾಡುತ್ತಿದ್ದಳು. ಅವರು ಹೋದ ಮೇಲೆ ಅಂಗಡಿ ಮುಚ್ಚಿತು.

ಈಚೆಗೆ ಆ ಮಗಳು ನಮ್ಮ ಕಂಪನಿಯಲ್ಲಿ ಆಫೀಸು ಕೆಲಸ ಕೇಳಿಕೊಂಡು ಬಂದಳು. ಹೊಸಬರ ಬಯೋಡೇಟಾ ಮೊದಲು ನೋಡುವವಳು ಈಗ ನಾನು. ಮೇಜಿನ ಮೇಲಿನ ಅಡಿಪಟ್ಟಿ ಇಟ್ಟು ಓದಿದೆ. ಕಾಲೇಜು ಇತ್ತು, ಅಂಕಗಳಿದ್ದವು. ಅಲ್ಲಿಂದೀಚಿನ ಐದು ವರ್ಷಗಳ ಎದುರಿಗೆ "ಮನೆಯಲ್ಲೇ ಇದ್ದೆ" ಅಂತ ಇತ್ತು.

"ಇದೇನಿದು?" ಅಂದೆ.

"ಅಬ್ಬಾನ ಅಂಗಡ್ಯಾಗ ಕುಂದರ್ತಿದ್ದೆ ಅಕ್ಕಾ, ಅಷ್ಟ. ಅದನ್ನೇನು ಬರೆಯೋದು?"

ಒಂದು ಖಾಲಿ ಹಾಳೆ, ಪೆನ್ನು ಅವಳ ಮುಂದೆ ಸರಿಸಿದೆ.

"ಕುಂದ್ರು. ಅಂಗಡ್ಯಾಗ ಏನೇನು ಮಾಡ್ತಿದ್ದಿ? ನನಗ ತಿಳಿಯಂಗ ಹೇಳು."