ಬೆನ್ನು ತಿರುಗಿಸಿ ನಿಂತ ಆಟಗಾರ

ಸ್ವೀಡನ್ನಿನ ಎಸ್ಕಿಲ್‌ಸ್ಟುನಾಕ್ಕೆ ಬಂದ ಮೊದಲ ಚಳಿಗಾಲದಲ್ಲೇ ನನಗೆ ಈ ಹುಚ್ಚು ಹತ್ತಿತು. ಶನಿವಾರ ಹಳೆ ಸಾಮಾನಿನ ಸಂತೆಗೆ ಹೋದರೆ ಹೆಂಡತಿ ಪಿಂಗಾಣಿ ಬಟ್ಟಲುಗಳ ಮುಂದೆ ನಿಲ್ಲುತ್ತಿದ್ದಳು. ನಾನು ರಟ್ಟಿನ ಡಬ್ಬಗಳಲ್ಲಿ ಬ್ಯಾಂಡಿ ಆಟಗಾರರ ಹಳೆಯ ಕಾರ್ಡುಗಳನ್ನು ಹುಡುಕುತ್ತಿದ್ದೆ. ಬ್ಯಾಂಡಿಯೆಂದರೆ ಹೆಪ್ಪುಗಟ್ಟಿದ ಮೈದಾನದಲ್ಲಿ ಸ್ಕೇಟ್ ಕಟ್ಟಿಕೊಂಡು ಆಡುವ ಒಂದು ಬಗೆಯ ಹಾಕಿ. ಹೆಸರಾಂತ ಆಟಗಾರರ ಕಾರ್ಡುಗಳು ನನಗೆ ಬೇಕಿರಲಿಲ್ಲ. ಯಾವುದೋ ಸಣ್ಣ ಊರಿನ ಬೇಕರಿಯವನು ತನ್ನೂರಿನ ತಂಡದವರ ಫೋಟೊ ತೆಗೆಸಿ, ಬ್ರೆಡ್ಡಿನ ಪೊಟ್ಟಣದಲ್ಲಿಟ್ಟು ಹಂಚಿದಂಥವು ಬೇಕಿದ್ದವು. ಕಪ್ಪುಬಿಳುಪು ಚಿತ್ರಕ್ಕೆ ಆಮೇಲೆ ಬಣ್ಣ ಹಚ್ಚಿರುತ್ತಿದ್ದರು. ಬಣ್ಣ ಗೆರೆ ದಾಟಿ ಹರಡಿ, ಹಿಮ ಗುಲಾಬಿಯಾಗಿ, ಆಕಾಶ ತೆಳುಹಸಿರಾಗಿ, ಆಟಗಾರರು ಯಾರದೋ ನಿದ್ದೆಯೊಳಗೆ ಜಾರುತ್ತಿರುವಂತೆ ಕಾಣುತ್ತಿದ್ದರು.

ಒಮ್ಮೆ ಸಿಕ್ಕ ಕಾರ್ಡಿನಲ್ಲಿ ಆಟಗಾರ ಬೆನ್ನು ತಿರುಗಿಸಿ ನಿಂತಿದ್ದ.

"ಇದ್ರಲ್ಲಿ ಮುಖಾನೇ ಇಲ್ವಲ್ರೀ," ಎಂದಳು ಹೆಂಡತಿ. ನನಗೆ ಹಿಡಿಸಿದ್ದೇ ಅದು.

ಕೆಳಗಿನ ಮನೆಯ ಅಜ್ಜಿ ಒಂದು ಮಧ್ಯಾಹ್ನ ಫಿಕಾಕ್ಕೆ, ಅಂದರೆ ಇಲ್ಲಿಯವರ ಕಾಫಿ-ತಿಂಡಿಯ ಹರಟೆಗೆ, ಬಂದರು. ಕಾಫಿಯ ಜೊತೆ ಕಾರ್ಡುಗಳ ಆಲ್ಬಮ್ ಮುಂದಿಟ್ಟೆ. ಪುಟ ತಿರುವುತ್ತಿದ್ದ ಅವರ ಬೆರಳು ಆ ಕಾರ್ಡಿನ ಮೇಲೆ ನಿಂತಿತು. ಆ ಪುಟದಲ್ಲಿದ್ದದ್ದು ಅವರ ಹುಟ್ಟೂರಿನ ತಂಡ, ಆ ಕಾರ್ಡಿನ ಕೆಳಗೆ ಅಚ್ಚಾಗಿದ್ದದ್ದು ಅವರ ಅಣ್ಣನ ಹೆಸರು. ಫೋಟೊದವನು ಬಂದ ದಿನ ಅಣ್ಣ ಜ್ವರದಲ್ಲಿ ಮಲಗಿದ್ದನಂತೆ. ಇನ್ನೊಂದು ಸಲ ಬರಲು ಫೋಟೊದವನು ಒಪ್ಪಲಿಲ್ಲವಂತೆ.

ಅಜ್ಜಿ ಕಪ್ ಕೆಳಗಿಟ್ಟು, ನನಗೆ ತಿಳಿಯಲೆಂದು ಸ್ವೀಡಿಷಿನಲ್ಲಿ ನಿಧಾನವಾಗಿ ಹೇಳಿದರು: "ಇದು ಅಣ್ಣ ಅಲ್ಲ, ನಾನು. ಅವನ ಜರ್ಸಿ ಹಾಕಿಕೊಂಡು, ಜಡೆಯನ್ನ ಟೋಪಿಯೊಳಗೆ ತುರುಕಿ ನಿಂತಿದ್ದೆ."

ಆಗ ಆ ತಂಡದಲ್ಲಿ ಹುಡುಗಿಯರಿಗೆ ಜಾಗವಿರಲಿಲ್ಲ. ಊರವರೆಲ್ಲ ಬ್ರೆಡ್ಡು ಬಿಚ್ಚಿ ತನ್ನ ಬೆನ್ನನ್ನೇ ನೋಡಿದರೂ ಯಾರಿಗೂ ಗೊತ್ತಾಗಲಿಲ್ಲ ಎಂದು ಅಜ್ಜಿ ನಕ್ಕರು. ಕಾರ್ಡನ್ನು ತೆಗೆದುಕೊಟ್ಟೆ. ತಂಡದವರ ಜೊತೆಯಲ್ಲೇ ಇರಲಿ ಎಂದು ವಾಪಸ್ ಆಲ್ಬಮ್ಮಿಗೆ ಸೇರಿಸಿದರು.

ಆ ಭಾನುವಾರ ನಮ್ಮಿಬ್ಬರನ್ನೂ ಹೆಪ್ಪುಗಟ್ಟಿದ ಸರೋವರಕ್ಕೆ ಅವರೇ ಕರೆದುಕೊಂಡು ಹೋದರು. ಕುರ್ಚಿಗೆ ಉದ್ದನೆಯ ಉಕ್ಕಿನ ಪಟ್ಟಿ ಜೋಡಿಸಿದಂಥ ಜಾರುಗಾಡಿ ತಂದಿದ್ದರು. ಅವರನ್ನು ಕೂರಿಸಿ ತಳ್ಳಬೇಕೆಂದುಕೊಂಡಿದ್ದೆ. ಅವರು ನನ್ನನ್ನೇ ಕೂರಿಸಿ, ಹಿಂದಿನ ಹಿಡಿ ಹಿಡಿದು, ಒಂಟಿ ಕಾಲಲ್ಲಿ ಹಿಮವನ್ನು ಒದ್ದರು. ಗಾಡಿ ಸದ್ದಿಲ್ಲದೆ ತೇಲಿತು. ಮಂಜಿನಲ್ಲಿ ನೆಲ ಯಾವುದು, ಆಕಾಶ ಯಾವುದು ತಿಳಿಯುತ್ತಿರಲಿಲ್ಲ. ಬೆನ್ನ ಹಿಂದೆ ಅವರ ಉಸಿರು ಕೇಳುತ್ತಿತ್ತು. ಸಾಕೇ ಎಂದು ಕೇಳಿದರು. ಇನ್ನೂ ಸ್ವಲ್ಪ ದೂರ ಎಂದೆ.