ಬಾಗಿಲ ಸಂದಿಯ ಬೆರಳು

ಬೆಳಗಿನ ಆರೂವರೆ. ಸಂಗಯ್ಯನವರು ಹಳೆಯ ಪಂಚೆಯ ಮೆತ್ತನೆಯ ತುಂಡಿನಿಂದ ಸೂಕ್ಷ್ಮದರ್ಶಕದ ಗಾಜು ಒರೆಸುತ್ತಿದ್ದಾರೆ. ಒರೆಸಿ, ಬೆಳಕಿಗೆ ಹಿಡಿದು, ಮತ್ತೆ ಒರೆಸುತ್ತಾರೆ. ಒಣಗಲು ಇಟ್ಟ ರಕ್ತದ ಪಟ್ಟಿಗಳನ್ನು ಇರುವೆ ನೆಕ್ಕಿಲ್ಲವೆಂದು ಖಾತ್ರಿಯಾದ ಮೇಲೆ ಸ್ಟೂಲಿನ ಮೇಲೆ ಕೂರುತ್ತಾರೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಜ್ವರ ಬಂದವರ ಬೆರಳು ಚುಚ್ಚಿ ಗಾಜಿನ ಪಟ್ಟಿಗೆ ಸವರಿದ ರಕ್ತ ಇವರ ಮೇಜಿಗೆ ಬರುತ್ತದೆ. ದಿನಕ್ಕೆ ಅರವತ್ತು ಪಟ್ಟಿ. ಇವರು ಬನವಾಸಿ ಕಡೆಯವರು. ಏಳು ವರ್ಷದವರಿದ್ದಾಗ ತಾಯಿ ಪಾರ್ವತವ್ವ ಚಳಿಜ್ವರದಲ್ಲೇ ತೀರಿಕೊಂಡರು. ದವಾಖಾನೆಯೊಂದರಲ್ಲಿ ರಕ್ತ ನೋಡಲು ಕಲಿತು, ೧೯೫೮ರಲ್ಲಿ ಈ ಮಲೇರಿಯಾ ಕೆಲಸಕ್ಕೆ ಬಂದರು. ಅಲ್ಲಿಂದ ಇಪ್ಪತ್ತೆಂಟು ವರ್ಷ. ಮುಂದಿನ ತಿಂಗಳು ನಿವೃತ್ತಿ. ಎಡಗಣ್ಣು ಮಂಜಾಗಿದೆ.

“ಇದರಾಗ ನೋಡಾಕ ಒಂದ ಕಣ್ಣು ಸಾಕು,” ಎನ್ನುತ್ತಾರೆ ಕೇಳಿದವರಿಗೆ.

ಹೋದ ಮಳೆಗಾಲದಲ್ಲಿ ತ್ಯಾಗಲಿ ಎಂಬ ಹಳ್ಳಿಯಿಂದ ಬಂದ ಪಟ್ಟಿಯೊಂದರಲ್ಲಿ ಮಲೇರಿಯಾ ಕಂಡಿತು. ಹೆಸರು ಮಂಜಿ. ಹಳ್ಳಿ ತಿರುಗಿ ರಕ್ತ ತೆಗೆಯುವ ಬೀರ ಹೋಗಿ ಮಾತ್ರೆ ನುಂಗಿಸಿ, ಎಂಟು ದಿನದ ಮೇಲೆ ಇನ್ನೊಂದು ಪಟ್ಟಿ ತಂದ. ಅದರಲ್ಲಿ ರೋಗವಿಲ್ಲ. ಗುಣವಾಯಿತೆಂದು ಬರೆಯಲು ಕಚೇರಿಯ ಸಾಹೇಬರು ಹೇಳಿದರು. ಸಂಗಯ್ಯನವರು ಬರೆಯಲಿಲ್ಲ. ಎರಡು ಪಟ್ಟಿಗಳನ್ನೂ ಮತ್ತೆ ಮತ್ತೆ ನೋಡಿದರು.

“ಮೊದಲಿನಾಕಿ ರಕ್ತದ ಕಣ ಕೈಬಳಿ ಇದ್ದಂಗ, ನಡುವ ಟೊಳ್ಳು. ಇದರಾಗ ತುಂಬಿ ಕೆಂಪಗದಾವ. ಎಂಟು ದಿನದಾಗ ಯಾರ ರಕ್ತಾನೂ ಹಿಂಗ ತುಂಬಂಗಿಲ್ಲ. ಇವರಿಬ್ಬರೂ ಬ್ಯಾರೆ.”

ಬೀರ ನಕ್ಕ. “ರಕ್ತಕ್ಕೂ ಮುಖ ಇರ್ತದಾ, ಅಯ್ನೋರೆ?”

“ನೀ ಮೊದಲಿನಾಕಿ ಮುಖಾ ನೋಡೀಯೇನು?”

“ಇಲ್ಲ. ಬಾಗ್ಲ ಸಂದೀಲಿ ಬೆರಳು ಚಾಚಿದ್ಳು. ಬೆರಳು ನೋಡಿದ್ದಷ್ಟೇ.”

ಮರುದಿನ ಭಾನುವಾರ. ಇಬ್ಬರೂ ತ್ಯಾಗಲಿಗೆ ಹೋದರು. ಮನೆಯೊಡತಿ ಮಂಜಿ ಜಗುಲಿಯಲ್ಲೇ ಬೀರನನ್ನು ತರಾಟೆಗೆ ತೆಗೆದುಕೊಂಡಳು. “ಜ್ವರ ಇಲ್ದಿದ್ದ ನಂಗೆ ಕಹಿ ಗುಳಿಗೆ ನುಂಗ್ಸಿದ್ಯಲ್ಲ ಮಾರಾಯ. ಸರ್ಕಾರದ್ದು ಅಂತ ನುಂಗ್ದೆ.”

“ಮತ್ತ ಜ್ವರ ಯಾರಿಗವ್ವಾ?” ಸಂಗಯ್ಯನವರು ಕೇಳಿದರು.

“ಸೊಸೆ ಗಂಗಾಗೆ. ಏಳು ತಿಂಗಳ ಬಸುರಿ. ಬಿಟ್ಟೂ ಬಿಟ್ಟೂ ಬರ್ತಿತ್ತು. ಈಗ ಮೂರು ದಿನ ಆಯ್ತು, ಎದ್ದಿಲ್ಲ.”

ಸೊಸೆಯ ತವರಿನ ಹೆಸರೂ ಮಂಜಿ. ಅತ್ತೆಯ ಹೆಸರೂ ಅದೇ ಆಗಿದ್ದರಿಂದ ಮದುವೆಯಲ್ಲಿ ಗಂಗಾ ಎಂದು ಬದಲಿಸಿದ್ದರು. ಬೀರ ಮೊದಲು ಬಂದ ದಿನ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಸೊಸೆ ತವರಿನ ಹೆಸರನ್ನೇ ಹೇಳಿದ್ದಳು. ಮಾತ್ರೆ ತಂದು “ಮಂಜಿ ಯಾರು?” ಎಂದಾಗ ಅತ್ತೆ ಹೊರಗೆ ಬಂದಿದ್ದಳು. ಎರಡನೆಯ ಪಟ್ಟಿಯ ರಕ್ತವೂ ಅವಳದೇ.

ಬಸುರಿಗೆ ಈ ಜ್ವರ ತಾಗಿದರೆ ಎರಡು ಜೀವಕ್ಕೂ ಕುತ್ತು. ಸಂಗಯ್ಯನವರು ಮೊದಲ ಮಾತ್ರೆಯನ್ನು ತಾವೇ ನುಂಗಿಸಿ, ಗಂಡ ಚೌಡನ ಜೊತೆ ಗಾಡಿಯಲ್ಲಿ ಅವಳನ್ನು ದವಾಖಾನೆಗೆ ಕಳಿಸಿದರು. ನಾಲ್ಕನೆಯ ದಿನ ಜ್ವರ ಬಿಟ್ಟಿತು. ಕಾರ್ತಿಕದಲ್ಲಿ ಹೆಣ್ಣು ಮಗು ಹುಟ್ಟಿತು, ತಾಯಿಯೂ ಕ್ಷೇಮ. ಸುದ್ದಿ ಬಂದ ಮಧ್ಯಾಹ್ನ ಸಂಗಯ್ಯನವರು ಊಟ ಮಾಡಿ, ಬೆಂಚಿನ ಮೇಲೆ ಒಂದು ತಾಸು ನಿದ್ದೆ ಹೋದರು. ಕಚೇರಿಯಲ್ಲಿ ಅವರು ಮಲಗಿದ್ದನ್ನು ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ.

ಕಳೆದ ಸೋಮವಾರ ಬೀಳ್ಕೊಡುಗೆಯ ಮಾತು ಬಂತು. ಶಾಲು ಯಾವ ಬಣ್ಣದ್ದಿರಲಿ ಎಂದು ಸಾಹೇಬರು ಅವರನ್ನೇ ಕೇಳಿದರು. ಸಂಗಯ್ಯನವರು ಎದ್ದು ನಿಂತರು.

“ಶಾಲು ಬ್ಯಾಡ್ರಿ ಸಾಹೇಬ್ರ. ಹೆಸರು ಬರಿಯೋ ಫಾರಮ್ಮಿನಾಗ ಇನ್ನೊಂದ ಗೆರಿ ಹಾಕಸ್ರಿ. ಹೆಣ್ಮಕ್ಕಳ ತವರಿನ ಹೆಸರಿಗೆ.”

“ನೋಡೋಣ,” ಎಂದು ಸಾಹೇಬರು ಮೇಜಿನ ಮೇಲಿನ ಮುಂದಿನ ಕಾಗದ ತೆಗೆದರು.