ಸೊಂಟದ ಮಟ್ಟದ ನೀರು

ಅಂಕೋಲೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಝೆರಾಕ್ಸ್, ಲ್ಯಾಮಿನೇಶನ್, ಲಗ್ನಪತ್ರಿಕೆ, ಆನ್‌ಲೈನ್ ಅರ್ಜಿ ಎಂದು ಬೋರ್ಡು ಹಾಕಿಕೊಂಡ ಅಂಗಡಿ ವೈಜಯಂತಿ ಹರಿಕಂತ್ರಳದು. ಕೇಣಿಯ ಮೀನುಗಾರರ ಮನೆಯವಳು, ವಯಸ್ಸು ನಲವತ್ತೆರಡು. ಅರ್ಜಿಯಲ್ಲಿ ಹುಟ್ಟಿದ ತಾರೀಖು ತಪ್ಪು ಬರೆದು ತಂದವರಿಗೆ ಅವಳು ಮಾಡುವ ಮಂಗಳಾರತಿ ಊರಿಗೇ ಪ್ರಸಿದ್ಧ. ಅಂಥ ಗಟ್ಟಿಗಿತ್ತಿ ಕಳೆದ ಚಳಿಗಾಲದಲ್ಲಿ ಐದು ದಿನ ಕಂಪ್ಯೂಟರಿನ ಮುಂದೆ ಕೂತು ಒಂದಿಷ್ಟು ನೀರನ್ನು ಇಳಿಸಲು ಒದ್ದಾಡಿದಳು. ಆ ನೀರು ತುಂಬಿದವಳೂ ಅವಳೇ.

ಆದದ್ದು ಇಷ್ಟು. ಮೀನು ಪೇಟೆಗೆ ಹೊಸ ಶೆಡ್ಡು ಬಂದಿತ್ತು. ತಮಗಿಂತ ಮೊದಲು ಅದೇ ಜಾಗದಲ್ಲಿ ಬಿಸಿಲು ಮಳೆ ಎನ್ನದೆ ಕೂತು ಮಾರಿ, ಈಗ ಇಲ್ಲವಾದವರ ಫೋಟೋಗಳನ್ನು ಗೋಡೆಗೆ ಹಾಕಬೇಕೆಂದು ಮೀನು ಮಾರುವ ಹೆಂಗಸರು ನಿಶ್ಚಯ ಮಾಡಿದರು. ವೈಜಯಂತಿಯ ತಾಯಿ ತಿಮ್ಮಿ ನಲವತ್ತು ವರ್ಷ ಅಲ್ಲಿ ಕೂತವಳು, ತೀರಿಹೋಗಿ ಮೂರು ವರ್ಷವಾಗಿತ್ತು. ತಿಮ್ಮಿಯ ಜಾಗದಲ್ಲಿ ಈಗ ಕೂರುವ ದಮಯಂತಿ ಅಂಗಡಿಗೆ ಬಂದಳು.

“ಆಧಾರ್ ಕಾರ್ಡಿಂದು ಬ್ಯಾಡ ಮತ್ತೆ, ಅದ್ರಲ್ಲಿ ಎಲ್ಲರೂ ಕಳ್ಳರ ಹಾಂಗೆ ಕಾಣ್ತಾರೆ. ಕಡಲ ಬದಿಗೆ ಬುಟ್ಟಿ ಇಟ್ಕಂಡು ನಿಂತಿದ್ದೊಂದು ಇತ್ತಲ್ಲೇ ವೈಜೂ? ಅದೇ ಕೊಡು. ಬುಟ್ಟಿ ಕಾಣಬೇಕು. ರವಿವಾರದ ಒಳಗೆ ಆಗಬೇಕು.”

“ಆಯ್ತು ಚಿಕ್ಕಿ” ಎಂದಳು ವೈಜಯಂತಿ.

ಆ ಫೋಟೋ ಯಾರದೋ ಹೊಸ ದೋಣಿಯ ಪೂಜೆಗೆ ಬಂದಿದ್ದ ಸ್ಟುಡಿಯೋದವನು ತೆಗೆದದ್ದು. ರೀಲಿನಲ್ಲಿ ಒಂದು ಉಳಿದಿತ್ತು, ಎದುರಿಗೆ ತಿಮ್ಮಿ ನಿಂತಿದ್ದಳು. ಹಿಂದೆ ದೋಣಿಯ ಮೂತಿ, ಸೊಂಟಕ್ಕೆ ಕೈ, ಮೊಣಕಾಲಿಗೆ ಎತ್ತಿ ಕಟ್ಟಿದ ಸೀರೆ, ಬರಿಗಾಲು, ಕಾಲ ಬಳಿ ಬಂಗಡೆ ತುಂಬಿದ ಬುಟ್ಟಿ. ತಿಮ್ಮಿ ಬದುಕಿನಲ್ಲಿ ನಿಂತು ತೆಗೆಸಿಕೊಂಡ ಫೋಟೋ ಅದೊಂದೇ.

ಇಪ್ಪತ್ತರ ವಯಸ್ಸಿನಲ್ಲಿ ವೈಜಯಂತಿ ದಿನಾ ಬಸ್ಸು ಹತ್ತಿ ಕಾರವಾರಕ್ಕೆ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದಳು. ಎಂಥ ಕಾಲ ಅದು! ಚಪ್ಪಲಿ ಹೊರಗೆ ಬಿಟ್ಟು, ದೇವರ ಕೋಣೆಗೆ ಹೋಗುವ ಹಾಗೆ ಒಳಗೆ ಹೋಗಬೇಕಿತ್ತು. ಹೊಟ್ಟೆ ಉಬ್ಬಿದ ಮಾನಿಟರುಗಳು, ಕೈಯಲ್ಲಿ ಹಿಡಿದರೆ ಓದಿದವರ ಗತ್ತು ಬರುತ್ತಿದ್ದ ಫ್ಲಾಪಿಗಳು, ಕಿರುಚಿ ಕಿರುಚಿ ಕಡೆಗೆ ತಾಗುತ್ತಿದ್ದ ಇಂಟರ್‌ನೆಟ್ಟು. ಕಲಿಸುವ ರವಿಕಿರಣ ಸರ್ ಒಂದು ದಿನ, “ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಜಾಗ ಕೊಡ್ತಾರೆ, ಎಲ್ಲರೂ ನಿಮ್ನಿಮ್ಮ ವೆಬ್ ಪೇಜ್ ಮಾಡಿ” ಎಂದರು. ಕ್ಲಾಸಿನವರು ಮಿನುಗುವ ನಕ್ಷತ್ರ, ಅರಳುವ ಗುಲಾಬಿ ಹಾಕಿದರು. ವೈಜಯಂತಿಗೆ ನೀರು ಬೇಕಿತ್ತು. ಯಾವ ಚಿತ್ರ ಕೊಟ್ಟರೂ ಕೆಳಗರ್ಧವನ್ನು ಅಲುಗುವ ಕೆರೆ ಮಾಡಿಕೊಡುವ ಸಿದ್ಧ ಪ್ರೋಗ್ರಾಮು ಆಗ ಸಿಗುತ್ತಿತ್ತು. ಆದರೆ ಕ್ಲಾಸಿನ ಬಡ ಕಂಪ್ಯೂಟರಿಗೆ ಅದನ್ನು ತೋರಿಸಿದರೆ ಸಾಕು, ಅಲ್ಲೇ ಕಣ್ಣು ಮುಚ್ಚಿಬಿಡುತ್ತಿತ್ತು.

ಹಾಗಾಗಿ ಕೈಯಲ್ಲೇ ಮಾಡಲು ಕೂತಳು. ಅವ್ವಿಯ ಆ ಫೋಟೋವನ್ನು ಸ್ಕ್ಯಾನ್ ಮಾಡಿಸಿ, ಅದರ ಮೇಲರ್ಧವನ್ನು ನಕಲು ಮಾಡಿ, ತಲೆಕೆಳಗು ಮಾಡಿ, ಕೆಳಗರ್ಧದ ಮೇಲೆ ಮುಚ್ಚಿದಳು. ಅಲ್ಲಿಗೆ ನೀರಿನೊಳಗಿನ ಬಿಂಬ ಸಿದ್ಧ. ಮತ್ತೆ ಆ ಬಿಂಬವನ್ನು ಅಡ್ಡಡ್ಡ ಪಟ್ಟಿಗಳಾಗಿ ಕತ್ತರಿಸಿ, ಒಂದನ್ನು ಪರದೆಯ ಎರಡು ಚುಕ್ಕೆಯಷ್ಟು ಬಲಕ್ಕೆ, ಮುಂದಿನದನ್ನು ಎರಡು ಚುಕ್ಕೆ ಎಡಕ್ಕೆ ಸರಿಸಿದಳು. ಹೀಗೆ ಸ್ವಲ್ಪ ಸ್ವಲ್ಪ ಬೇರೆಯಾದ ಹನ್ನೆರಡು ಚಿತ್ರ. ಒಂದರ ಹಿಂದೊಂದು ಓಡಿಸಿದರೆ ನೀರು ಅಲುಗಬೇಕು. ಮೊದಲ ಸಲ ಓಡಿಸಿದಾಗ ಅಲುಗಿತು, ಆದರೆ ಚಳಿಜ್ವರ ಬಂದವರ ಹಾಗೆ ನಡುಗಿತು. ರವಿಕಿರಣ ಸರ್ ಬಿದ್ದು ಬಿದ್ದು ನಕ್ಕರು.

ಆ ಭಾನುವಾರ ಅವಳು ನೋಟುಬುಕ್ಕು ಹಿಡಿದು ಕೇಣಿಯ ಹಳ್ಳದ ದಂಡೆಯಲ್ಲಿ ಕೂತಳು. ಬಲೆ ಒಣಹಾಕಲು ಬಂದ ತಿಮ್ಮಿ, “ಎಂತಾ ನೋಡ್ತೀಯೇ?” ಎಂದಳು.

“ನೀರು.”

“ಹುಟ್ಟಿದಾಗಿಂದ ನೋಡ್ತೀಯಲೇ, ಇವತ್ತೆಂತಾ ಹೊಸತು?”

ಹೊಸತು ಇತ್ತು. ದೂರದ ಅಲೆಗೆರೆ ಸಪೂರ, ಹತ್ತಿರದ್ದು ಅಗಲ. ಎಲ್ಲವೂ ಒಟ್ಟಿಗೇ ಅಲುಗುವುದಿಲ್ಲ, ಒಂದರ ಅಲುಗಾಟ ಮುಂದಿನದಕ್ಕೆ ತಡವಾಗಿ ತಲುಪುತ್ತದೆ. ಸೋಮವಾರ ಹೋಗಿ ಮೇಲಿನ ಪಟ್ಟಿಗಳನ್ನು ಸಪೂರ, ಕೆಳಗಿನವನ್ನು ಅಗಲ ಮಾಡಿದಳು. ಮೂರು ವಾರವಾದ ಮೇಲೆ ಒಂದು ಮಧ್ಯಾಹ್ನ ಪರದೆಯ ಮೇಲೆ ನೀರು ನಿಜಕ್ಕೂ ತೂಗಿತು. ರವಿಕಿರಣ ಸರ್ ನಗಲಿಲ್ಲ, ಕ್ಲಾಸಿನವರನ್ನೆಲ್ಲ ಕರೆದು ತೋರಿಸಿದರು. ಅಷ್ಟು ಖುಷಿ ಅವಳಿಗೆ ಮುಂದೆ ಯಾವ ಕೆಲಸದಲ್ಲೂ ಸಿಗಲಿಲ್ಲ.

ಆದರೆ ಇಷ್ಟೇ ಹೇಳಿದರೆ ಅರ್ಧ ಮುಚ್ಚಿಟ್ಟ ಹಾಗಾಗುತ್ತದೆ. ಮನೆಯಲ್ಲಿ ಏನು ಮಾಡುತ್ತಾರೆ ಎಂದು ಕೇಳಿದವರಿಗೆ ವೈಜಯಂತಿ “ಬಿಸಿನೆಸ್” ಎಂದು ಹೇಳಿದ್ದಳು. ಬಸ್ಸಿನಲ್ಲಿ ಬುಟ್ಟಿ ಹಿಡಿದ ಹೆಂಗಸರು ಹತ್ತಿದರೆ ಉಳಿದವರ ಸೆರಗು ಮೂಗಿಗೆ ಹೋಗುತ್ತಿದ್ದುದನ್ನು ಕಂಡವಳು. ಆ ಬುಟ್ಟಿ, ಆ ಬರಿಗಾಲು ಕ್ಲಾಸಿನವರಿಗೆ ಕಾಣಬಾರದಿತ್ತು. ಅವು ಇದ್ದದ್ದು ಕೆಳಗರ್ಧದಲ್ಲಿ. ನೀರು ಬಂದು ನಿಂತದ್ದೂ ಅಲ್ಲೇ.

ಪೇಜು ಸಿದ್ಧವಾದ ಮೇಲೆ ತಿಮ್ಮಿಯನ್ನು ಅಂಕೋಲೆಯ ಸೈಬರ್ ಕೆಫೆಗೆ ಕರೆದುಕೊಂಡು ಹೋದಳು. ಪೇಟೆ ಮುಗಿಸಿ ಬಂದ ತಿಮ್ಮಿ ಬುಟ್ಟಿಯನ್ನು ಬಾಗಿಲ ಹೊರಗಿಟ್ಟು, ಕೈಯನ್ನು ಸೀರೆಗೆ ಒರೆಸಿಕೊಂಡು ಕುರ್ಚಿಯ ತುದಿಯಲ್ಲಿ ಕೂತಳು. ಆಗಿನ ಇಂಟರ್‌ನೆಟ್ಟಿನಲ್ಲಿ ಚಿತ್ರ ಮೇಲಿನಿಂದ ಕೆಳಕ್ಕೆ ಗೆರೆ ಗೆರೆಯಾಗಿ ಇಳಿಯುತ್ತಿತ್ತು. ಆಕಾಶ ಬಂತು, ದೋಣಿಯ ಮೂತಿ ಬಂತು, ತಿಮ್ಮಿಯ ಮುಖ ಬಂತು. “ನಾನೇಯೇ!” ಎಂದು ನಕ್ಕಳು. ಸೊಂಟ ಬಂತು. ಆಮೇಲೆ ನೀರು ಬಂತು. ತಿಮ್ಮಿ ಕಾದೇ ಕಾದಳು.

“ಇನ್ನೂ ಬರೂದು ಅದೆಯಾ?”

“ಇಷ್ಟೇ ಅವ್ವಿ.”

“ನನ್ನ ಬುಟ್ಟಿ?”

“ಭರತಿ ಬಂದದೆ ಅವ್ವಿ. ನೀರು ಏರಿ ಮುಚ್ಚಿಹೋಯ್ತು.”

ಹುಟ್ಟಾ ಕಡಲು ಕಂಡವಳಿಗೆ ಭರತಿಯ ಸುಳ್ಳು! ತಿಮ್ಮಿ ಒಂದು ಗಳಿಗೆ ಮಗಳ ಮುಖ ನೋಡಿದಳು. “ನೀರು ಚೊಲೋ ಮಾಡಿದೆ” ಎಂದು ಎದ್ದಳು. ಅಂದಿನಿಂದ ಪೇಟೆಯಲ್ಲಿ ಮಗಳು ಎದುರಾದರೆ, ಅವಳ ಜೊತೆ ಬೇರೆಯವರಿದ್ದರೆ, ತಿಮ್ಮಿ ಗುರುತೇ ಇಲ್ಲದವಳ ಹಾಗೆ ಬುಟ್ಟಿ ಹೊತ್ತು ಮುಂದೆ ಹೋಗುತ್ತಿದ್ದಳು. ವೈಜಯಂತಿಗೆ ಅದು ಅನುಕೂಲವಾಗಿಯೇ ಕಂಡಿತು.

ಕಾಗದದ ಫೋಟೋ ಪೆಟ್ಟಿಗೆಯಲ್ಲಿದ್ದು ಒರಲೆಯ ಪಾಲಾಯಿತು. ಪುಕ್ಕಟೆ ಜಾಗ ಕೊಟ್ಟವರು ಅಂಗಡಿ ಮುಚ್ಚಿದರು, ಪೇಜೂ ಹೋಯಿತು. ಉಳಿದದ್ದು ಒಂದು ಸಿ.ಡಿ.ಯಲ್ಲಿ ಆ ಹನ್ನೆರಡು ಚಿತ್ರ ಮಾತ್ರ. ದಮಯಂತಿ ಕೇಳಿ ಹೋದ ಮೇಲೆ ವೈಜಯಂತಿ ಅವನ್ನು ಒಂದೊಂದಾಗಿ ತೆರೆದಳು, ಪಟ್ಟಿಗಳನ್ನೆಲ್ಲ ಸರಿಸಿ ಸಾಲಿಗೆ ತಂದಳು. ಅಲುಗಾಟ ನಿಂತಿತು. ನೀರಿನ ಅಡಿಯಲ್ಲಿ ಬುಟ್ಟಿ ಇರಲಿಲ್ಲ, ತಲೆಕೆಳಗಾದ ಅವ್ವಿಯ ಮುಖವೇ ಇತ್ತು. ತಾನು ಮುಚ್ಚಿದ್ದಲ್ಲ, ಅಳಿಸಿದ್ದು ಎಂಬುದು ಅವಳಿಗೆ ಗೊತ್ತಿಲ್ಲದ್ದೇನೂ ಅಲ್ಲ. ಆದರೂ ಹನ್ನೆರಡನೆಯದರವರೆಗೂ ಹುಡುಕಿದಳು.

ಪಕ್ಕದ ಫ್ಲೆಕ್ಸ್ ಅಂಗಡಿಯ ಸಂದೀಪ, “ಇದೆಂತಾ ದೊಡ್ಡ ಕೆಲಸ ಅಕ್ಕಾ, ಮೊಬೈಲೇ ಮಾಡಿಕೊಡ್ತದೆ” ಎಂದು ಕೆಳಗರ್ಧವನ್ನು ಮೊಬೈಲಿನಲ್ಲಿ ತುಂಬಿಸಿ ತಂದ. ಸೀರೆ ಪಾದದವರೆಗೆ ನೆರಿಗೆ ಇಳಿಬಿಟ್ಟಿತ್ತು, ಕಾಲಿಗೆ ಹೊಳೆಯುವ ಚಪ್ಪಲಿ, ಬುಟ್ಟಿಯಲ್ಲಿ ಕೆಂಪು ಬಣ್ಣದ ಯಾವುದೋ ಸಾಕುಮೀನು. ವೈಜಯಂತಿ ನಗಲು ಹೋಗಿ ಅತ್ತುಬಿಟ್ಟಳು.

ಶನಿವಾರ ದಮಯಂತಿ ಬಂದಾಗ ಇದ್ದದ್ದು ಇದ್ದ ಹಾಗೆ ಹೇಳಿದಳು. “ಬುಟ್ಟಿ ನಾನೇ ಮುಚ್ಚಿಹಾಕಿದೆ ಚಿಕ್ಕಿ. ನಾಚಿಕೆ ಆಗಿತ್ತು ನನಗೆ.”

“ಗೊತ್ತದೆ” ಎಂದಳು ದಮಯಂತಿ. “ತಿಮ್ಮಕ್ಕ ಮಾರನೇ ದಿನವೇ ಪೇಟೆಗೆ ಬಂದು ಹೇಳಿತ್ತು. ‘ಮಗಳು ನನ್ನ ಸೊಂಟದ ಮಟ ನೀರಲ್ಲಿ ನಿಲ್ಸಿದಾಳೆ, ನಾ ನಿಂತ್ಕಳ್ತೆ. ಇಳತ ಆದಾಗ ಅವಳೇ ಬಂದು ಬುಟ್ಟಿ ಎತ್ತಲಿಕ್ಕೆ ಕೈ ಕೊಡ್ತಾಳೆ’ ಅಂತು. ನಾವೆಲ್ಲ ನಗಾಡಿದ್ವಿ. ತಿಮ್ಮಕ್ಕ ಮಾತ್ರ ನಗಾಡಲಿಲ್ಲ.”

ಹತ್ತೊಂಬತ್ತು ವರ್ಷ ಅವ್ವಿ ಕಾದಿದ್ದಳು, ವೈಜಯಂತಿ ಕೈ ಕೊಡಲು ಹೋಗಿರಲಿಲ್ಲ. ದಮಯಂತಿಯೇ ಪರದೆಯನ್ನು ಬಗ್ಗಿ ನೋಡಿ, “ಮೇಲಿನ ಅರ್ಧ ಅಷ್ಟೇ ಪ್ರಿಂಟು ತೆಗಿ. ಉಳಿದದ್ದು ನನಗಿರಲಿ” ಎಂದು ಹೋದಳು.

ಭಾನುವಾರ ಬೆಳಿಗ್ಗೆ ವೈಜಯಂತಿ ಪ್ರಿಂಟು ಹಿಡಿದು ಮೀನು ಪೇಟೆಗೆ ಹೋದರೆ, ಉಳಿದವರ ಫೋಟೋಗಳು ಗೋಡೆಯ ಮೇಲೆ ಎತ್ತರದಲ್ಲಿ ಸಾಲಾಗಿದ್ದವು. ತಿಮ್ಮಿಯದನ್ನು ಮಾತ್ರ ದಮಯಂತಿ ಕೆಳಗೆ, ಕೂರುವ ಕಟ್ಟೆಗೆ ತಾಗಿಸಿ ಹಾಕಿಸಿದಳು. ಫೋಟೋದ ಸೊಂಟ ಮುಗಿಯುವಲ್ಲಿ ಕಟ್ಟೆ ಶುರು. ಅಲ್ಲಿ ಬುಟ್ಟಿ ಇಟ್ಟರೆ ತಿಮ್ಮಿ ಅದರ ಹಿಂದೆ ನಿಂತ ಹಾಗೆಯೇ.

ದಮಯಂತಿಯ ಅವತ್ತಿನ ಮೀನಿನ ಬುಟ್ಟಿ ಇನ್ನೂ ರಸ್ತೆಯಲ್ಲಿ ನಿಂತ ಟೆಂಪೋದಲ್ಲಿತ್ತು. ದಮಯಂತಿ ಸೊಂಟ ಹಿಡಿದುಕೊಂಡು ಏಳುವಷ್ಟರಲ್ಲಿ ವೈಜಯಂತಿ ಹೊರಗೆ ನಡೆದಳು. ಟೆಂಪೋದವನಿಗೆ ಎತ್ತಿಕೊಡಲು ಹೇಳಿ, ದುಪಟ್ಟಾವನ್ನೇ ಸಿಂಬಿ ಸುತ್ತಿ, ಬುಟ್ಟಿಯನ್ನು ತಲೆಯ ಮೇಲೆ ಹೊತ್ತಳು. ಭಾರ ಇಷ್ಟೆಂದು ಅವಳಿಗೆ ಗೊತ್ತಿರಲಿಲ್ಲ. ಮೀನಿನ ನೀರು ಕಿವಿಯ ಹಿಂದಿನಿಂದ ಇಳಿದು ಕುತ್ತಿಗೆ, ಅಂಗಿ ಎಲ್ಲ ಒದ್ದೆಯಾಯಿತು. ಭಾನುವಾರದ ಸಂತೆಯಂಥ ಜನರ ನಡುವೆ ಒಂದೊಂದೇ ಹೆಜ್ಜೆ ಇಡುತ್ತ ಬಂದಳು.

ಅವ್ವಿಯ ಫೋಟೋ ಇದ್ದ ಕಟ್ಟೆಯ ಹತ್ತಿರ ಅವಳ ಅಂಗಡಿಗೆ ಅರ್ಜಿ ತುಂಬಿಸಲು ಬರುವ ಮಾಸ್ತರರೊಬ್ಬರು ಚೀಲ ಹಿಡಿದು ನಿಂತಿದ್ದರು. “ಅರೆ, ಮೇಡಮ್ ನೀವು? ಇದೆಂತಾ ಇಲ್ಲಿ?”

“ನನ್ನ ಅವ್ವಿಯ ಬುಟ್ಟಿ ಮಾಸ್ತರೇ” ಎಂದಳು ವೈಜಯಂತಿ, ಇಡೀ ಪೇಟೆಗೆ ಕೇಳುವ ಹಾಗೆ. “ಸ್ವಲ್ಪ ಇಳಿಸಲಿಕ್ಕೆ ಕೈ ಕೊಡಿ.”